ಕೆಲಸದ ಸ್ಥಳದಲ್ಲಿ ಲಸಿಕೆ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಮಾರಿಕುಪ್ಪಂನಿಂದ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಸಂಸಾರಸ್ಥರು ಅನೇಕರು. ಅವರು ಮರಳುವ ವೇಳೆಗೆ ಊರಿನ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಹೊತ್ತು ಮೀರಿರುತ್ತದೆ. ಅದಕ್ಕಾಗಿ ಊರಲ್ಲಿಯೇ ನಿಂತರೆ ಆ ದಿನದ ಕೂಲಿಯಿಲ್ಲ.

ಜನರ ಓಡಾಟವನ್ನು ತಗ್ಗಿಸಲೆಂದು ಕೇಂದ್ರ ಸರ್ಕಾರವು 2021ರ ಏಪ್ರಿಲ್ 11ರಿಂದ ಕೆಲಸದ ಸ್ಥಳಗಳಲ್ಲಿಯೇ ಕೋವಿಡ್ ಲಸಿಕೆ ನೀಡಲು ಅವಕಾಶ ಕಲ್ಪಿಸಿತು. ಆದರೆ ಅಲ್ಲಿ ಅರ್ಹರೂ ಒಪ್ಪಿದವರೂ ಸುಮಾರು 100 ಮಂದಿ ಇರಬೇಕಿತ್ತು. ಹತ್ತಾರು ಜನರಿರುವ ಸಣ್ಣ ಕಾರ್ಖಾನೆಗೆ ಅದು ಎಟುಕುವಂಥದ್ದಲ್ಲ.

ಆ ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕಿತ್ತು. ಒಂದೆರಡು ದಿನ ಜ್ವರ, ಮೈಕೈನೋವು ಬರುವುದುಂಟು. ದಿನಗೂಲಿಯವರು ಸೂಜಿಗಿಂತ ಹೆಚ್ಚಾಗಿ ಅಂಜುವುದು ಈ ಎರಡು ದಿನಗಳಿಗೆ. ಆ ಅಂಜಿಕೆ ನ್ಯಾಯವಾದುದೇ. ಮಾಲೀಕರು ಮರುದಿನ ಸಂಬಳಸಹಿತ ರಜೆ ಕೊಡುವುದು ಉಚಿತ. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ತೀರ್ಪಿತ್ತಿದೆ.

ಪತಿಯಾಗಲಿ ಪತ್ನಿಯಾಗಲಿ, ಕೆಲಸದ ಸ್ಥಳದಲ್ಲಿ ಯಾವುದೇ ಲಸಿಕೆ ಪಡೆದರೆ ಅದರ ಚೀಟಿಯನ್ನು ಮನೆಗೆ ತಂದು, ತಾಯಿ ಕಾರ್ಡಿನೊಡನೆ ಜೋಪಾನವಾಗಿಡತಕ್ಕದ್ದು. ನಾಳೆ ಯಂತ್ರಕ್ಕೆ ಕೈ ಸಿಕ್ಕಿ ಗಾಯವಾದಾಗ, ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಯಾವಾಗ ಆಗಿದೆಯೆಂದು ವೈದ್ಯರು ಮೊದಲು ಕೇಳುತ್ತಾರೆ.