ಪೆಟ್ಟಿಗೆಯಲ್ಲಿದ್ದ ಪಿಯಾನೊ ಸಂಗೀತ
(7ನೇ ತರಗತಿಯಿಂದ)



ಜರ್ಮನಿ ದೇಶದಲ್ಲಿ ಫ್ರೀಡ್ರಿಕ್ ನೀತ್ಸೆ ಎಂಬ ಪ್ರಸಿದ್ಧ ತತ್ವಜ್ಞಾನಿ ಇದ್ದರು. ತತ್ವಜ್ಞಾನಿ ಅಂದ್ರೆ ಬದುಕು ಅಂದ್ರೇನು, ಒಳ್ಳೆಯದು ಯಾವುದು, ಅದನ್ನು ಒಳ್ಳೆಯದು ಅಂತ ಹೇಳಿದವರು ಯಾರು ಎಂದು ಯೋಚನೆ ಮಾಡಿ ಬರೆಯುವವರು. ಇವರ ಹೆಸರನ್ನು ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ನೀಚೆ ಅಂತಲೂ ಬರೆಯುವುದುಂಟು. ಹಾಗೆ ಬರೆದರೆ ನಮ್ಮ ಕ್ಲಾಸಿನವರು ನಗುತ್ತಾರೆ, ಅದಕ್ಕೇ ನಾನು ನೀತ್ಸೆ ಅಂತ ಬರೆದಿದ್ದೇನೆ. ಅವರ ಪುಸ್ತಕಗಳು ಪ್ರಪಂಚದ ತುಂಬಾ ಹೆಸರು ಮಾಡಿವೆ. ಆದರೆ ಅವರು ಸಂಗೀತವನ್ನೂ ರಚಿಸಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅರ್ಧಕ್ಕೆ ಬಿಟ್ಟವನ್ನೂ ಸೇರಿಸಿ ಸುಮಾರು 70 ರಚನೆಗಳಿವೆ. ಅದರಲ್ಲಿ ಹೆಚ್ಚಿನವು ಪಿಯಾನೊಗೆ, ಇಲ್ಲವೇ ಪಿಯಾನೊ ಜೊತೆ ಹಾಡುವುದಕ್ಕೆ ಬರೆದವು.

ಮೊದಲು ಪಿಯಾನೊ ಬಗ್ಗೆ ಒಂದೆರಡು ಮಾತು. ಅದನ್ನು ನಮ್ಮ ಭಜನೆಯ ಹಾರ್ಮೋನಿಯಂನ ಅಣ್ಣ ಅಂದುಕೊಳ್ಳಬೇಡಿ. ಒತ್ತುವ ಕಪ್ಪು ಬಿಳಿ ಮನೆಗಳು ಮಾತ್ರ ಎರಡರಲ್ಲೂ ಒಂದೇ ತರಹ. ಹಾರ್ಮೋನಿಯಂ ಗಾಳಿಯಿಂದ ನುಡಿಯುತ್ತದೆ, ತಿದಿ ಒತ್ತದಿದ್ದರೆ ಸದ್ದೇ ಇಲ್ಲ. ಪಿಯಾನೊ ಒಳಗೆ ತಂತಿಗಳಿರುತ್ತವೆ, 200ಕ್ಕೂ ಹೆಚ್ಚು. ಒಂದು ಮನೆ ಒತ್ತಿದರೆ ಒಳಗೆ ಉಣ್ಣೆ ಸುತ್ತಿದ ಒಂದು ಸಣ್ಣ ಸುತ್ತಿಗೆ ಎದ್ದು ತಂತಿಗೆ ಹೊಡೆಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರು. ಈಗಿನ ಪಿಯಾನೊದಲ್ಲಿ 88 ಮನೆಗಳು, 52 ಬಿಳಿ 36 ಕಪ್ಪು. ಎರಡೂ ಕೈಗಳಿಂದ ಬೇರೆ ಬೇರೆ ನುಡಿಸುತ್ತಾರೆ. ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನುಡಿಸುವ ರಚನೆಗಳೂ ಇವೆ, ಅದಕ್ಕೆ ನಾಲ್ಕು ಕೈಗಳ ಸಂಗೀತ ಅಂತಾರೆ.

ನೀತ್ಸೆ ಹುಟ್ಟಿದ್ದು 1844ರ ಅಕ್ಟೋಬರ್ 15ರಂದು, ರೋಕೆನ್ ಎಂಬ ಹಳ್ಳಿಯಲ್ಲಿ. ಹೌದು, ಅವರೂ ಹಳ್ಳಿಯವರೇ. ತಂದೆ ಚರ್ಚಿನ ಪಾದ್ರಿ, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರಂತೆ. ಹುಡುಗನಿಗೆ ಇನ್ನೂ ಐದು ತುಂಬುವ ಮೊದಲೇ, 1849ರಲ್ಲಿ ತಂದೆ ತೀರಿಕೊಂಡರು. ಮುಂದಿನ ವರ್ಷ ಪುಟ್ಟ ತಮ್ಮನೂ ಹೋದ. ತಾಯಿ ಮಕ್ಕಳನ್ನು ಕರೆದುಕೊಂಡು ನಾಮ್‌ಬುರ್ಗ್ ಊರಿಗೆ ಬಂದರು. ಅಲ್ಲಿ ಹುಡುಗ ಪಿಯಾನೊ ಕಲಿತ. ಒಂಬತ್ತು ಹತ್ತು ವರ್ಷದವನಿದ್ದಾಗ ಒಂದು ಹಬ್ಬದ ದಿನ ಚರ್ಚಿನಲ್ಲಿ ಹ್ಯಾಂಡೆಲ್ ಎಂಬುವರು ರಚಿಸಿದ ದೊಡ್ಡ ಮೇಳದ ಹಾಡು ಕೇಳಿ, ತಾನೂ ಇಂಥದ್ದು ಬರೆಯಬೇಕು ಅಂತ ಹಟ ಹಿಡಿದ. ಮನೆಗೆ ಬಂದು ಬರೆಯಲಿಕ್ಕೆ ಶುರು ಮಾಡಿಯೇಬಿಟ್ಟ.

14ನೇ ವಯಸ್ಸಿಗೆ ಷುಲ್‌ಪ್ಫೋರ್ಟ ಎಂಬ ವಸತಿ ಶಾಲೆಗೆ ಸೇರಿಸಿದರು. ಬಹಳ ಕಟ್ಟುನಿಟ್ಟಿನ ಶಾಲೆ. ಅಲ್ಲಿದ್ದಾಗ, 1860ರಲ್ಲಿ, ನೀತ್ಸೆ ಮತ್ತು ಊರಿನ ಇಬ್ಬರು ಗೆಳೆಯರು, ವಿಲ್ಹೆಲ್ಮ್ ಪಿಂಡರ್ ಮತ್ತು ಗುಸ್ತಾವ್ ಕ್ರೂಗ್, ಸೇರಿ ಒಂದು ಸಂಘ ಕಟ್ಟಿದರು. ಹೆಸರು ಜರ್ಮಾನಿಯ. ಆಗ ನೀತ್ಸೆಗೆ 15 ವರ್ಷ, ನಮಗಿಂತ ಎರಡೇ ವರ್ಷ ದೊಡ್ಡವನು. ಸಂಘದ ನಿಯಮ ಏನಪ್ಪಾ ಅಂದ್ರೆ ಪ್ರತಿ ತಿಂಗಳೂ ಒಬ್ಬೊಬ್ಬರು ಏನಾದರೂ ಒಂದು ಬರೆದು ಕೊಡಬೇಕು. ಪ್ರಬಂಧ, ಪದ್ಯ, ಇಲ್ಲಾಂದ್ರೆ ಸಂಗೀತ. ಉಳಿದವರು ಅದನ್ನು ಓದಿ ತಪ್ಪು ಒಪ್ಪು ಹೇಳಬೇಕು. ಕೈಲಿದ್ದ ದುಡ್ಡು ಒಟ್ಟು ಮಾಡಿ ಸಂಗೀತದ ಪತ್ರಿಕೆಯನ್ನೂ ತರಿಸುತ್ತಿದ್ದರು. ನಮ್ಮ ಗೋಡೆ ಪತ್ರಿಕೆಗೂ ಪ್ರತಿ ತಿಂಗಳು ಎಲ್ಲರೂ ಬರೆದು ಕೊಡಬೇಕು ಅಂತ ನಿಯಮ ಇದೆ. ಕೊಡುವವರು ಮಾತ್ರ ನಾಲ್ಕೇ ಜನ.

ನೀತ್ಸೆಯ ಪಿಯಾನೊ ರಚನೆಗಳಲ್ಲಿ ಬಹಳಷ್ಟು ಈ ಶಾಲೆಯ ದಿನಗಳಲ್ಲೇ ಬರೆದದ್ದು. 1862ರಲ್ಲೇ ಎಷ್ಟೋ ಇವೆ. ಒಂದರ ಹೆಸರು 'ವೀರನ ಶೋಕ' ಅಂತ ಅರ್ಥ ಬರುತ್ತದೆ. ಒಂದು 'ಪುಸ್ತಾ ಬಯಲಿನ ಬೆಳದಿಂಗಳಲ್ಲಿ'. ಪುಸ್ತಾ ಅನ್ನೋದು ಹಂಗೇರಿ ದೇಶದ ಹುಲ್ಲುಗಾವಲು. ಇನ್ನೊಂದರ ಹೆಸರು ನನಗೆ ಬಹಳ ಇಷ್ಟ, 'ಒಂದ್ಸಲ ನಗು ನೋಡೋಣ' ಅಂತ. ಹೆಚ್ಚಿನವು ಒಂದೆರಡು ನಿಮಿಷದವು.

ಇನ್ನು ಮುಂದೆ ನೀತ್ಸೆ ಅವರು ಅಂತ ಬರೆಯಬೇಕು, ಯಾಕಂದ್ರೆ 1869ರಲ್ಲಿ, ಬರೀ 24ನೇ ವಯಸ್ಸಿನಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ರಿಚರ್ಡ್ ವಾಗ್ನರ್ ಎಂಬ ಭಾರಿ ಸಂಗೀತಗಾರರ ಸ್ನೇಹವೂ ಆಯಿತು. 1871ರ ಕ್ರಿಸ್ಮಸ್ ದಿನ ವಾಗ್ನರ್ ಅವರ ಹೆಂಡತಿ ಕೋಸಿಮಾ ಅವರ ಹುಟ್ಟುಹಬ್ಬಕ್ಕೆ ನೀತ್ಸೆ ನಾಲ್ಕು ಕೈಗಳ ಒಂದು ರಚನೆಯನ್ನು ಉಡುಗೊರೆ ಕಳಿಸಿದರು. ಅದನ್ನು ನುಡಿಸುವಾಗ ವಾಗ್ನರ್ ನಗು ತಡೆಯಲಾರದೆ ಎದ್ದು ಹೊರಗೆ ಹೋದರು ಅಂತ ಹೇಳುತ್ತಾರೆ. ನೀತ್ಸೆ ಅಲ್ಲಿರಲಿಲ್ಲ, ಅದೇ ಪುಣ್ಯ.

ಮುಂದಿನ ವರ್ಷ ಇನ್ನೂ ಕೆಟ್ಟದ್ದಾಯಿತು. ಅವರು 'ಮ್ಯಾನ್‌ಫ್ರೆಡ್ ಧ್ಯಾನ' ಎಂಬ ಉದ್ದದ ರಚನೆ ಬರೆದು ಹಾನ್ಸ್ ಫಾನ್ ಬ್ಯೂಲೊ ಎಂಬ ದೊಡ್ಡ ಪಿಯಾನೊ ವಾದಕರಿಗೆ ಕಳಿಸಿದರು. 1872ರ ಜುಲೈನಲ್ಲಿ ಉತ್ತರ ಬಂತು. ಇದೇನು ತಮಾಷೆಗೆ ಬರೆದದ್ದೋ ಎಂದು ಕೇಳಿದ್ದರು. ಸಂಗೀತದ ಮಟ್ಟಿಗೆ ಇದೊಂದು ಅಪರಾಧವೇ ಸರಿ ಅನ್ನೋ ಅರ್ಥದ ಮಾತೂ ಇತ್ತು. ನೀತ್ಸೆ ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಬ್ಯೂಲೊಗೆ ಮರ್ಯಾದೆಯಿಂದಲೇ ಕಾಗದ ಬರೆದರು. 1874ರ ನಂತರ ಹೊಸದಾಗಿ ಬರೆದದ್ದು ಇಲ್ಲವೇ ಇಲ್ಲ ಅನ್ನಬಹುದು. ಅವರು ಬದುಕಿದ್ದಾಗ ಅಚ್ಚಾದ ರಚನೆ ಒಂದೇ ಒಂದು. ಸ್ನೇಹದ ಮೇಲೆ ಮಾಡಿದ್ದ ಹಳೆಯ ರಾಗಕ್ಕೆ ಲೂ ಸಲೋಮೆ ಎಂಬ ಗೆಳತಿಯ ಪದ್ಯ ಜೋಡಿಸಿ ಮಾಡಿದ ಹಾಡು. ಅದನ್ನು ಪೀಟರ್ ಗಾಸ್ಟ್ ಎಂಬ ಸ್ನೇಹಿತ ದೊಡ್ಡ ಮೇಳಕ್ಕೆ ಹೊಂದಿಸಿ ಬರೆದ ಮೇಲೆ 1887ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚಾಯಿತು. ತನ್ನ ಕಾಲದ ನಂತರ ಜನ ತನ್ನ ನೆನಪಿಗೆ ಇದನ್ನು ಹಾಡಬೇಕು ಅನ್ನೋದು ಅವರ ಆಸೆಯಾಗಿತ್ತು.

1889ರ ಜನವರಿಯಲ್ಲಿ ಇಟಲಿಯ ಟ್ಯೂರಿನ್ ಊರಿನಲ್ಲಿ ಅವರಿಗೆ ಬುದ್ಧಿಭ್ರಮಣೆಯಾಯಿತು. ಮತ್ತೆ ಪುಸ್ತಕ ಬರೆಯಲಿಲ್ಲ. ಕಾಯಿಲೆಯ ಮೊದಲ ವರ್ಷಗಳಲ್ಲಿ ಪಿಯಾನೊ ಮಾತ್ರ ನುಡಿಸುತ್ತಿದ್ದರು. 1900ರ ಆಗಸ್ಟ್ 25ರಂದು ತೀರಿಕೊಂಡರು. ಸಂಗೀತದ ಹಾಳೆಗಳು ಉಳಿದ ಕಾಗದಪತ್ರಗಳ ಜೊತೆ ಪೆಟ್ಟಿಗೆ ಸೇರಿದವು.

ಇಲ್ಲೊಂದು ವಿಷಯ ತಿಳಿದುಕೊಳ್ಳಬೇಕು. ಪುಸ್ತಕವಾದರೆ ಕಪಾಟಿನಿಂದ ತೆಗೆದು ಯಾರು ಬೇಕಾದರೂ ಓದಬಹುದು. ಸಂಗೀತ ಹಾಗಲ್ಲ. ಹಾಳೆಯ ಮೇಲೆ ಇರೋದು ಸ್ವರಲಿಪಿ, ಅದು ಮೂಕ. ಓದಲು ಬಲ್ಲವರು ನುಡಿಸಿದರೆ ಮಾತ್ರ ಕಿವಿಗೆ ಬೀಳುತ್ತದೆ. ಎಡಿಸನ್ ಅವರ ಫೋನೋಗ್ರಾಫ್ 1877ರಲ್ಲೇ ಬಂದಿತ್ತು, ಆದರೂ ನೀತ್ಸೆ ನುಡಿಸಿದ್ದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಆದ್ದರಿಂದ ಬ್ಯೂಲೊ ಹೇಳಿದ ಬೈಗುಳವನ್ನು ಎಲ್ಲರೂ ಓದಿದರು, ಬೈಸಿಕೊಂಡ ಸಂಗೀತವನ್ನು ಯಾರೂ ಕೇಳಲಿಲ್ಲ. ಇದು ನ್ಯಾಯವೇ?

ಬಾಸೆಲ್ ಊರಿನಲ್ಲಿ ಕುರ್ಟ್ ಪೌಲ್ ಯಾನ್ಸ್ ಎಂಬುವರಿದ್ದರು. ಅವರು ವಾದ್ಯಮೇಳದಲ್ಲಿ ವಯೋಲ ನುಡಿಸುವವರು, ವಯೋಲ ಅಂದ್ರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದು. ಅವರು ನೀತ್ಸೆ ಕೈಬರಹದ ಹಾಳೆಗಳನ್ನೆಲ್ಲ ನೋಡಿ, ಓದಿ, ವರ್ಷವಾರು ಜೋಡಿಸಿ 1976ರಲ್ಲಿ ಒಂದೇ ಪುಸ್ತಕವಾಗಿ ಹೊರತಂದರು. ಆ ಪುಸ್ತಕ ಬಂದ ಮೇಲೆ ಎಲ್ಲ ರಚನೆಗಳೂ ವಾದಕರ ಕೈಗೆ ಸಿಕ್ಕವು. ಅಮೆರಿಕದ ಜಾನ್ ಬೆಲ್ ಯಂಗ್ ಎಂಬ ಪಿಯಾನೊ ವಾದಕರು 1990ರ ದಶಕದಲ್ಲಿ ಪಿಯಾನೊ ರಚನೆಗಳನ್ನು ನುಡಿಸಿ ರೆಕಾರ್ಡ್ ಮಾಡಿದರು. ಹಾಡುಗಳನ್ನು ಜರ್ಮನಿಯ ಹೆಸರಾಂತ ಗಾಯಕ ಡೀಟ್ರಿಷ್ ಫಿಷರ್-ಡೀಸ್ಕಾವ್ ಹಾಡಿದ್ದಾರೆ.

ರೆಕಾರ್ಡ್ ಮಾಡೋದು ಅಂದ್ರೆ ಕೂತು ನುಡಿಸಿ ಎದ್ದು ಬರೋದಲ್ಲ. ಪಿಯಾನೊದ ತಂತಿಗಳನ್ನೆಲ್ಲ ಶ್ರುತಿ ಮಾಡಬೇಕು. ಹೊರಗಿನ ಸದ್ದು ಬಾರದ ಜಾಗ ಬೇಕು. ಮೈಕು ತಂತಿಗೆ ತೀರಾ ಹತ್ತಿರ ಇಟ್ಟರೆ ಸುತ್ತಿಗೆಯ ಟಕಟಕ ಕೇಳಿಸುತ್ತದೆ, ದೂರ ಇಟ್ಟರೆ ಕೋಣೆಯ ಪ್ರತಿಧ್ವನಿ ಜಾಸ್ತಿ ಆಗುತ್ತದೆ. ನೀತ್ಸೆ ರಚನೆಗಳಲ್ಲಿ ಇನ್ನೊಂದು ಕಷ್ಟ, ಎಷ್ಟೋ ಅರ್ಧಕ್ಕೇ ನಿಂತಿವೆ. ಅಲ್ಲೇ ನಿಲ್ಲಿಸಬೇಕೋ, ತಾವೇ ಎರಡು ಸ್ವರ ಸೇರಿಸಿ ಮುಗಿಸಬೇಕೋ? ಸೇರಿಸಿದರೆ ಅದು ನೀತ್ಸೆಯದಲ್ಲ. 1871ರ ಒಂದು ತುಣುಕಂತೂ ಬಹಳ ತಮಾಷೆ. ಕೊನೆಗೆ ಬಂದರೆ 'ಮತ್ತೆ ಮೊದಲಿನಿಂದ, ದುಃಖದಿಂದ' ಅಂತ ಬರೆದಿದ್ದಾರೆ. ಬರೆದ ಹಾಗೇ ನುಡಿಸಿದರೆ ಅದು ಮುಗಿಯುವುದೇ ಇಲ್ಲ, ನುಡಿಸುವವರೇ ಎಲ್ಲೋ ಒಂದು ಕಡೆ ಸಾಕು ಅನ್ನಬೇಕು.

ಪಿಯಾನೊ ರೆಕಾರ್ಡಿಗೂ ನಮಗೂ ಏನು ಸಂಬಂಧ ಅಂತ ಕೇಳಬೇಡಿ. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರು ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಕಷ್ಟದಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ, ಅವರ ಪಿಯಾನೊ ರಚನೆಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಮಹಾರಾಜರು, ಜಯಚಾಮರಾಜೇಂದ್ರ ಒಡೆಯರ್! ಮೆಟ್ನರ್ 1951ರಲ್ಲಿ ತೀರಿಕೊಂಡರು. ರೆಕಾರ್ಡು ಉಳಿಯಿತು. ನೀತ್ಸೆಗೆ ಅಂಥ ಮಹಾರಾಜರು ಸಿಗಲಿಲ್ಲ.

ನಮ್ಮ ಕನ್ನಡ ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಮೂರು ರಚನೆಗಳನ್ನು ನಮಗೆ ಕೇಳಿಸಿದರು. 'ಮ್ಯಾನ್‌ಫ್ರೆಡ್ ಧ್ಯಾನ' ಹತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ನಿಜ ಹೇಳಬೇಕೆಂದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ತಿಳಿಯಲಿಲ್ಲ, ಬ್ಯೂಲೊಗೆ ಸಿಟ್ಟು ಬಂದದ್ದು ಯಾಕೆ ಅಂತ ಅರ್ಥವಾಯಿತು. ಆದರೆ ಶಾಲೆಯ ಹುಡುಗನಾಗಿದ್ದಾಗ ಬರೆದ 'ವೀರನ ಶೋಕ' ಕೇಳುವಾಗ ಯಾರೂ ಮಾತಾಡಲಿಲ್ಲ. ಬ್ಯೂಲೊ ಕೈಗೆ ಕೊಟ್ಟದ್ದು ಉದ್ದದ್ದು. ಚಿಕ್ಕದನ್ನು ಕಳಿಸಿದ್ದರೆ ಏನು ಹೇಳುತ್ತಿದ್ದರೋ! ನನ್ನ ಪಕ್ಕ ಕೂರುವವಳಿಗೆ ಮಾತ್ರ ಮ್ಯಾನ್‌ಫ್ರೆಡ್ಡೇ ಇಷ್ಟವಂತೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ ಇನ್ನೂ ಮುಗಿದಿಲ್ಲ.

ಕೇಳಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಹತ್ತಿರ ಬನ್ನಿ. ಮೊದಲು ಚಿಕ್ಕದನ್ನು ಹಾಕಿಸಿಕೊಳ್ಳಿ.