‘ಕಾರಣ’ದ ವಿರುದ್ಧಪದ ಯಾವುದು? ಕಾರ್ಯಕಾರಣವಾಚಕಗಳಲ್ಲಿ ನಿಷೇಧದ ಸ್ಥಾನ

ಕಾಪು ತಾಲೂಕಿನ ಇನ್ನಂಜೆಯಂತಹ ಊರಿನಲ್ಲಿ ಬೆಳೆಯುವ ಮಗುವಿಗೆ ಸಾಮಾನ್ಯವಾಗಿ ತುಳು ಮನೆಯಿಂದಲೂ ಕನ್ನಡ ಶಾಲೆ ಮತ್ತು ಪೇಟೆಯಿಂದಲೂ ಇಂಗ್ಲಿಷ್ ಪಠ್ಯಪುಸ್ತಕದಿಂದಲೂ ದೊರೆಯುತ್ತದೆ. ಈ ಮೂರು ಭಾಷೆಗಳ ನಡುವೆ ಅದು ಬೇಗನೆ ಎದುರಿಸುವ ಅಭ್ಯಾಸಗಳಲ್ಲಿ ‘ವಿರುದ್ಧಪದ ಬರೆಯಿರಿ’ ಎಂಬುದೂ ಒಂದು. ‘ಹಗಲು × ರಾತ್ರಿ’, ‘ಸಫಲ × ವಿಫಲ’, ‘ಕಾರಣ × ಪರಿಣಾಮ’ ಇವೆಲ್ಲವೂ ಒಂದೇ ಗುಣಾಕಾರ ಚಿಹ್ನೆಯ ಎರಡು ಬದಿಗಳಲ್ಲಿ ನಿಲ್ಲುತ್ತವೆ. ಆ ಚಿಹ್ನೆಯು ಕಾರ್ಯಕಾರಣವಾಚಕಗಳ ವಿಷಯದಲ್ಲಿ ಕನಿಷ್ಠ ನಾಲ್ಕು ಭಿನ್ನ ಸಂಬಂಧಗಳನ್ನು ಮರೆಮಾಡುತ್ತದೆಂದು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ನಿಷೇಧವು ಎಲ್ಲಿ ಕುಳಿತಿದೆ ಎಂಬುದೇ ಇವುಗಳನ್ನು ಬೇರ್ಪಡಿಸುವ ಒರೆಗಲ್ಲು ಎಂಬುದು ನಮ್ಮ ವಾದ.

ಮೊದಲನೆಯದು ಪರಸ್ಪರ ಸಂಬಂಧ. ‘ಅತಿವೃಷ್ಟಿಯು ನೆರೆಗೆ ಕಾರಣ’ ಎಂಬುದು ನಿಜವಾದರೆ ‘ನೆರೆಯು ಅತಿವೃಷ್ಟಿಯ ಪರಿಣಾಮ’ ಎಂಬುದೂ ನಿಜ. ಇಲ್ಲಿ ನಿಷೇಧವೇ ಇಲ್ಲ. ಒಂದೇ ಸಂಬಂಧವನ್ನು ಎರಡು ತುದಿಗಳಿಂದ ನೋಡಿದ್ದೇವೆ, ಅಷ್ಟೆ. ಲಯನ್ಸ್ (1977) ಮತ್ತು ಕ್ರೂಸ್ (1986) ಇಂತಹ ಜೋಡಿಗಳನ್ನು ‘ಗಂಡ–ಹೆಂಡತಿ’, ‘ಕೊಡು–ಕೊಳ್ಳು’ ಮಾದರಿಯ ವಿಲೋಮಗಳ ಸಾಲಿಗೆ ಸೇರಿಸುವ ಹಾದಿಯನ್ನು ತೋರಿದ್ದಾರೆ. ಶಾಸ್ತ್ರಪರಂಪರೆಯಲ್ಲಿ ಈ ಜೋಡಿ ‘ಕಾರಣ–ಕಾರ್ಯ’. ಆದರೆ ಇಂದಿನ ಕನ್ನಡದಲ್ಲಿ ‘ಕಾರ್ಯ’ವು ಕೆಲಸ, ಸಮಾರಂಭ ಎಂಬ ಅರ್ಥಗಳಿಗೆ ಸರಿದಿದೆ. ಹಳೆಯ ಅರ್ಥವು ಮುಖ್ಯವಾಗಿ ‘ಕಾರ್ಯಕಾರಣ ಸಂಬಂಧ’ದಂತಹ ಸಮಾಸಗಳಲ್ಲಿ ಉಳಿದು, ತೆರವಾದ ಸ್ಥಾನಕ್ಕೆ ‘ಪರಿಣಾಮ’ವು ಬಂದಿದೆ. ವೇದಾಂತದ ಪರಿಭಾಷೆಯಲ್ಲಾದರೋ ‘ಪರಿಣಾಮ’ಕ್ಕೆ ಎದುರಾಗುವುದು ಕಾರಣವಲ್ಲ, ‘ವಿವರ್ತ’. ಅಲ್ಲಿ ನಿಜವಾದ ಮಾರ್ಪಾಡು ಮತ್ತು ತೋರಿಕೆಯ ಮಾರ್ಪಾಡು ಪರಸ್ಪರ ಎದುರಾಗಿವೆ. ಪದವು ಯಾವ ವ್ಯವಸ್ಥೆಯಲ್ಲಿದೆ ಎಂಬುದನ್ನು ಬಿಟ್ಟು ಅದರ ವಿರುದ್ಧಪದವನ್ನು ಹೇಳಲಾಗದು.

ಎರಡನೆಯದು ಅಭಾವ ಸಂಬಂಧ: ಅಕಾರಣ, ನಿಷ್ಕಾರಣ, ವಿನಾಕಾರಣ. ರೂಪದ ದೃಷ್ಟಿಯಿಂದ ‘ಕಾರಣ’ದ ನೇರ ನಿಷೇಧಗಳು ಇವೇ. ಆದರೆ ಇವುಗಳ ಬಳಕೆಯ ವ್ಯಾಪ್ತಿ ಕಿರಿದು. ‘ನಿಷ್ಕಾರಣ ಕೋಪ’, ‘ವಿನಾಕಾರಣ ಜಗಳ’ ಸಹಜ. ‘ನಿಷ್ಕಾರಣ ಮಳೆ’, ‘ವಿನಾಕಾರಣ ಭೂಕಂಪ’ ಅಸಹಜ. ಇಂಗ್ಲಿಷಿನ ‘ಕಾಝ್’ ಮತ್ತು ‘ರೀಸನ್’ ಎರಡನ್ನೂ ‘ಕಾರಣ’ವೊಂದೇ ಹೊರುತ್ತದೆಯಾದರೂ ಉಪಸರ್ಗದ ನಿಷೇಧವು ಎರಡನೆಯದನ್ನು ಮಾತ್ರ ಆಯ್ದುಕೊಳ್ಳುತ್ತದೆ. ಆದ್ದರಿಂದ ‘ಅಕಾರಣ’ವು ಕಾರಣವಿಲ್ಲದ ಘಟನೆಯನ್ನಲ್ಲ, ಸಮರ್ಥನೆಯಿಲ್ಲದ ನಡತೆಯನ್ನು ಸೂಚಿಸುತ್ತದೆ. ಇಂತಹ ಅರ್ಥಸಂಕೋಚ ಇಂಗ್ಲಿಷಿನಲ್ಲಿಯೂ ಉಂಟು. ‘ಇನ್‌ಕಾನ್ಸಿಕ್ವೆನ್ಷಿಯಲ್’ ಎಂದರೆ ಪರಿಣಾಮವಿಲ್ಲದ್ದು ಎನ್ನುವುದಕ್ಕಿಂತ ಮಹತ್ವವಿಲ್ಲದ್ದು ಎಂದೇ ಅರ್ಥ.

ಮೂರನೆಯದು ಪ್ರತಿಬಂಧ ಸಂಬಂಧ. ಇಂಗ್ಲಿಷಿನಲ್ಲಿ ‘ಕಾಝ್’ ಎಂಬ ಕ್ರಿಯಾಪದಕ್ಕೆ ‘ಪ್ರಿವೆಂಟ್’ ಎದುರು. ಆಗುವಂತೆ ಮಾಡುವುದು ಒಂದು, ಆಗದಂತೆ ಮಾಡುವುದು ಇನ್ನೊಂದು. ಎರಡರಲ್ಲಿಯೂ ‘ಮಾಡುವುದು’ ಉಳಿದಿದೆ. ನಿಷೇಧವು ಒಳಗೆ, ಫಲದ ಮೇಲೆ ಬಿದ್ದಿದೆ. ಗದ್ದೆಯ ನೀರನ್ನು ಗಮನಿಸೋಣ:

(1) ನೀರನ್ನು ಹರಿಸಿದರು.
(2) ನೀರನ್ನು ಹರಿಸಲಿಲ್ಲ.
(3) ನೀರನ್ನು ತಡೆದರು.
(4) ನೀರನ್ನು ಹರಿಯಲು ಬಿಟ್ಟರು.

(2)ರಲ್ಲಿ ನಿಷೇಧವು ಹೊರಗಿದೆ, (3)ರಲ್ಲಿ ಒಳಗಿದೆ. (4)ರಲ್ಲಿ ಎರಡೂ ಕಡೆ ಇದೆ: ಹರಿಯದಂತೆ ಮಾಡಲಿಲ್ಲ. ಟಾಲ್ಮಿಯವರು 1988ರಲ್ಲಿ ಮಂಡಿಸಿದ ಬಲಸಂಘರ್ಷದ ವಿಶ್ಲೇಷಣೆಯು ‘ಕಾಝ್’, ‘ಪ್ರಿವೆಂಟ್’, ‘ಲೆಟ್’ಗಳನ್ನು ಒಂದೇ ಚೌಕಟ್ಟಿನಲ್ಲಿಟ್ಟು ನೋಡಿತು. ಭಾರತೀಯ ತರ್ಕಕ್ಕೆ ಈ ಬಗೆಯ ವಿಚಾರ ಹೊಸದಲ್ಲ. ಪ್ರತಿಬಂಧಕದ ಅಭಾವವೂ ಕಾರ್ಯಕ್ಕೆ ಅಗತ್ಯವೆಂದು ನೈಯಾಯಿಕರು ಒಪ್ಪುತ್ತಾರೆ. ‘ತರ್ಕಸಂಗ್ರಹ’ದಲ್ಲಿ ಕಾರ್ಯದ ಲಕ್ಷಣವನ್ನೇ ಪ್ರಾಗಭಾವದ ಮೂಲಕ ಹೇಳಲಾಗಿದೆ: ಯಾವುದಕ್ಕೆ ಹುಟ್ಟುವ ಮುನ್ನಿನ ಇಲ್ಲದಿರುವಿಕೆ ಉಂಟೋ ಅದು ಕಾರ್ಯ. ಇನ್ನಂಜೆಗೆ ದೂರವಲ್ಲದ ಪಾಜಕದಲ್ಲಿ ಜನಿಸಿದರೆಂದು ಪ್ರಸಿದ್ಧರಾದ ಮಧ್ವಾಚಾರ್ಯರೂ ಅಭಾವವನ್ನು ಪ್ರಾಗಭಾವ, ಪ್ರಧ್ವಂಸಾಭಾವ, ಸದಾಭಾವವೆಂದು ವಿಂಗಡಿಸಿದರು. ‘ಇಲ್ಲ’ವು ಒಂದೇ ಬಗೆಯದಲ್ಲವೆಂಬ ಎಚ್ಚರ ಇಲ್ಲಿಯ ಚಿಂತನೆಗೆ ಹಳೆಯದು.

ನಾಲ್ಕನೆಯದು ಪದಕೋಶವನ್ನು ದಾಟಿ ವ್ಯಾಕರಣದಲ್ಲಿ ನೆಲೆಸಿದೆ. ‘ಆದ್ದರಿಂದ’ದ ಎದುರು ‘ಆದರೂ’. ಕೋನಿಗ್ ಅವರು 1991ರ ಲೇಖನದಲ್ಲಿ ‘ಆಲ್ದೋ’ ಮಾದರಿಯ ಸಂಬಂಧವನ್ನು ‘ಬಿಕಾಸ್’ ಸಂಬಂಧದ ದ್ವಂದ್ವಿಯೆಂದು ವಿವರಿಸಿದರು. ಕರಾವಳಿಯ ಬಯಲಾಟದ ಸಂದರ್ಭವೊಂದು ಇದನ್ನು ಸ್ಪಷ್ಟಪಡಿಸುತ್ತದೆ:

(5) ಮಳೆ ಬಂತೆಂದು ಆಟ ನಿಲ್ಲಲಿಲ್ಲ.
(6) ಮಳೆ ಬಂದರೂ ಆಟ ನಿಲ್ಲಲಿಲ್ಲ.
(7) ಆಟ ನಿಂತದ್ದು ಮಳೆ ಬಂದದ್ದರಿಂದ ಅಲ್ಲ.

(5) ಮತ್ತು (6) ಒಂದೇ ಸನ್ನಿವೇಶವನ್ನು ಹೇಳುತ್ತವೆ. ಕಾರಣವಾಕ್ಯದ ಹೊರ ನಿಷೇಧವು ‘ಆದರೂ’ ವಾಕ್ಯದ ಒಳ ನಿಷೇಧಕ್ಕೆ ಸಮವಾಗಿದೆ. (7)ರಲ್ಲಿ ಆಟ ನಿಂತಿದೆ. ಅಲ್ಲಗಳೆದಿರುವುದು ಸಂಬಂಧವನ್ನು ಮಾತ್ರ. ಇಂಗ್ಲಿಷಿನಲ್ಲಿ ‘ನಾಟ್’ ಮತ್ತು ‘ಬಿಕಾಸ್’ ಒಟ್ಟಿಗೆ ಬಂದ ಒಂದೇ ವಾಕ್ಯವು (5) ಮತ್ತು (7)ರ ಅರ್ಥಗಳೆರಡನ್ನೂ ಹೊರಬಲ್ಲದು. ಮಳೆಯ ಕಾರಣದಿಂದಲೇ ಆಟ ಮುಂದುವರಿಯಿತೆಂಬ ಮೂರನೆಯ ಅರ್ಥವೂ ಅದಕ್ಕೆ ಸಾಧ್ಯ. ಕನ್ನಡವು ಘಟನೆಯನ್ನು ‘ಇಲ್ಲ’ದಿಂದಲೂ ಸಂಬಂಧವನ್ನು ‘ಅಲ್ಲ’ದಿಂದಲೂ ನಿಷೇಧಿಸಿ ಈ ಗೊಂದಲವನ್ನು ಬಿಡಿಸುತ್ತದೆ. ತುಳುವಿನಲ್ಲಿಯೂ ‘ಇಜ್ಜಿ’ ಮತ್ತು ‘ಅತ್ತ್’ ಇದೇ ವಿಭಜನೆಯನ್ನು ಪಾಲಿಸುತ್ತವೆ. ಕನ್ನಡದ ‘-ಊ’ ನಿಲ್ಲುವೆಡೆ ತುಳುವಿನ ‘-ಲಾ’ ನಿಲ್ಲುತ್ತದೆ.

ಹೀಗಿರುವಾಗ ಇನ್ನಂಜೆಯ ವಿದ್ಯಾರ್ಥಿಯು ಇಂಗ್ಲಿಷಿನ ಅಂತಹ ವಾಕ್ಯದ ಮುಂದೆ ತಡವರಿಸಿದರೆ ಅದನ್ನು ಅರಿವಿನ ಕೊರತೆಯೆಂದು ಎಣಿಸಲಾಗದು. ಅವನ ಎರಡು ಭಾಷೆಗಳೂ ಬೇರ್ಪಡಿಸಿರುವುದನ್ನು ಮೂರನೆಯ ಭಾಷೆ ಒಂದುಗೂಡಿಸಿದೆ. ಬೋಧಕರು (5), (6), (7)ರಿಂದ ತೊಡಗಿದರೆ ಇಂಗ್ಲಿಷಿನ ಸಂದಿಗ್ಧತೆಯು ದೋಷದ ಬದಲು ಪಾಠವಾಗಬಹುದು.

ನಿಘಂಟುಕಾರರಿಗೂ ಇಲ್ಲಿ ಕರ್ತವ್ಯವುಂಟು. ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು (1886) ಮತ್ತು ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು (1894) ಮಂಗಳೂರಿನಿಂದ ಪ್ರಕಟವಾದವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ದ್ವಿಭಾಷಾ ಕೋಶರಚನೆಯ ಇಂತಹ ಪರಂಪರೆಯುಳ್ಳ ಪ್ರದೇಶದಲ್ಲಿ ಮುಂದಿನ ಕೋಶಗಳು ‘ಕಾರಣ’ದ ಎದುರು ಒಂದೇ ಪದವನ್ನು ನಮೂದಿಸದೆ ವಿಲೋಮ, ಅಭಾವ, ಪ್ರತಿಬಂಧ ಎಂದು ಸಂಬಂಧವನ್ನು ಹೆಸರಿಸಿ, ‘ಆದ್ದರಿಂದ’ದ ಅಡಿಯಲ್ಲಿ ‘ಆದರೂ’ವನ್ನು ಸೂಚಿಸುವುದು ಉಚಿತ. ‘ಇದರ ವಿರುದ್ಧಪದ ಯಾವುದು’ ಎಂಬ ಪ್ರಶ್ನೆಗೆ ಮೊದಲು ‘ಇಲ್ಲಿ ಯಾವುದನ್ನು ಅಲ್ಲಗಳೆಯಬೇಕು’ ಎಂಬ ಪ್ರಶ್ನೆ ಬರಬೇಕೆಂಬುದು ನಮ್ಮ ನಿಲುವು.