ಅಕ್ರಮ: ಪದವೊಂದು, ಅರ್ಥ ನಾಲ್ಕು

ಅಕ್ರಮ ಗಣಿಗಾರಿಕೆ, ಅಕ್ರಮ ಕೂಟ, ಅಕ್ರಮ ಸಂಬಂಧ, ಅಕ್ರಮ ಸಂತಾನ. ಕನ್ನಡ ಸುದ್ದಿಬರಹದಲ್ಲಿ ಈ ನಾಲ್ಕಕ್ಕೂ ಒಂದೇ ವಿಶೇಷಣ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಇವು ಕ್ರಮವಾಗಿ ಇಲ್ಲೀಗಲ್, ಅನ್‌ಲಾಫುಲ್, ಇಲ್ಲಿಸಿಟ್ ಮತ್ತು ಇಲ್ಲೆಜಿಟಿಮೇಟ್. ಸಮಾನಾರ್ಥಕಗಳಂತೆ ತೋರುವ ಈ ಪದಗಳ ನಡುವಿನ ಅಂತರ ಕೇವಲ ನಿಘಂಟಿನದಲ್ಲ. ಅದು ವ್ಯಕ್ತಿಯ ಹಕ್ಕು ಹಾಗೂ ಮರ್ಯಾದೆಗೂ ಸಂಬಂಧಿಸಿದ್ದು.

ಇಲ್ಲೀಗಲ್: ಕಾನೂನು ಎಂಬರ್ಥದ ಲ್ಯಾಟಿನ್‌ನ 'ಲೆಕ್ಸ್' ಇದರ ಮೂಲ. ಸಾಮಾನ್ಯ ಬಳಕೆಯಲ್ಲಿ, ಕಾನೂನು ಸ್ಪಷ್ಟವಾಗಿ ನಿಷೇಧಿಸಿದ ಕೃತ್ಯ. 1860ರ ಭಾರತೀಯ ದಂಡ ಸಂಹಿತೆಯ 43ನೇ ಕಲಮು ಇದರ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿತು. ಅಪರಾಧ, ಕಾನೂನು ನಿಷೇಧಿಸಿದ ಕೃತ್ಯ, ಸಿವಿಲ್ ದಾವೆಗೆ ಆಸ್ಪದ ನೀಡುವ ಕೃತ್ಯ ಮೂರೂ ಅದರಲ್ಲಿ ಸೇರಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದೇ ವ್ಯಾಖ್ಯೆಯನ್ನು ಉಳಿಸಿಕೊಂಡಿದೆ. ಆದ್ದರಿಂದ ಕಾನೂನುಬಾಹಿರವಾದದ್ದೆಲ್ಲವೂ ಜೈಲುಶಿಕ್ಷೆಗೆ ಅರ್ಹವಾದ ಅಪರಾಧವೇ ಆಗಿರಬೇಕಿಲ್ಲ.

ಅನ್‌ಲಾಫುಲ್: ಕಾನೂನಿನ ಅಕ್ಷರಕ್ಕಷ್ಟೇ ಅಲ್ಲ, ಅದರ ಆಶಯಕ್ಕೂ ವಿರುದ್ಧವಾದುದನ್ನು ಇದು ಸೂಚಿಸಬಲ್ಲದು. 1872ರ ಕರಾರು ಕಾಯಿದೆಯ 23ನೇ ಕಲಮಿನ ಪ್ರಕಾರ, ನ್ಯಾಯಾಲಯವು ಅನೈತಿಕ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಪರಿಗಣಿಸುವ ಉದ್ದೇಶವೂ ಅನ್‌ಲಾಫುಲ್. ಅಂಥ ಕರಾರು ಅಸಿಂಧುವಾಗುತ್ತದೆ. ಅದನ್ನು ಮಾಡಿಕೊಂಡವರು ಅಪರಾಧಿಗಳಾಗಲೇಬೇಕೆಂದಿಲ್ಲ. ಐದು ಅಥವಾ ಹೆಚ್ಚು ಮಂದಿಯ ಕೂಟಕ್ಕೂ ಇದೇ ಪದವಿದೆ. ಸೇರಿದಾಗ ಕಾನೂನುಸಮ್ಮತವಾಗಿದ್ದ ಸಭೆ, ಅದರ ಸಮಾನ ಉದ್ದೇಶ ಬದಲಾದರೆ, ಬಳಿಕ ಅಕ್ರಮ ಕೂಟವಾಗಬಹುದು.

ಇಲ್ಲಿಸಿಟ್: 'ಅನುಮತಿ ಇರುವುದು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು, ಲೈಸೆನ್ಸ್ ಎಂಬ ಪದವೂ ಅದೇ ಮೂಲದ್ದು. ಮದ್ಯ ನಿಷೇಧವಿಲ್ಲದ ರಾಜ್ಯದಲ್ಲೂ ಪರವಾನಗಿಯಿಲ್ಲದೆ ಬಟ್ಟಿ ಇಳಿಸಿದ ಮದ್ಯ ಇಲ್ಲಿಸಿಟ್. ಸಮಾಜ ಒಪ್ಪದ ಗುಟ್ಟಿನ ನಡವಳಿಕೆಗೂ ಈ ಪದ ಸಲ್ಲುತ್ತದೆ. ವಿವಾಹೇತರ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿತು. ಅಂಥ ಸಂಬಂಧ ಇಂದಿಗೂ ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಆದರೆ ಅಪರಾಧವಲ್ಲ. 'ಅಕ್ರಮ ಸಂಬಂಧ' ಎಂಬ ಶೀರ್ಷಿಕೆ ಮಾತ್ರ ಈ ವ್ಯತ್ಯಾಸವನ್ನು ಮರೆಮಾಚುತ್ತದೆ.

ಇಲ್ಲೆಜಿಟಿಮೇಟ್: ಇದರ ವಿರುದ್ಧ ಪದವಾದ ಲೆಜಿಟಿಮೇಟ್‌ಗೆ ನ್ಯಾಯೋಚಿತ, ಸಮರ್ಥನೀಯ ಎಂಬ ಅರ್ಥಗಳಿವೆ. ಕಾನೂನಿನ ಬೆಂಬಲವಿಲ್ಲದ ಬೇಡಿಕೆಯೂ ಲೆಜಿಟಿಮೇಟ್ ಆಗಿರಬಹುದು. ಆದರೆ ಹುಟ್ಟಿನ ಸಂದರ್ಭದಲ್ಲಿ ಈ ಪದ ತೀರಾ ಕಠೋರ. ಹಿಂದೂ ವಿವಾಹ ಕಾಯಿದೆಯ 16ನೇ ಕಲಮಿನ ಪ್ರಕಾರ, ವಿವಾಹ ಅಸಿಂಧುವಾದರೂ ಅದರಿಂದ ಹುಟ್ಟಿದ ಮಕ್ಕಳು ಕಾನೂನುಸಮ್ಮತ ಮಕ್ಕಳೇ. ಕರ್ನಾಟಕದಿಂದ ಮೇಲ್ಮನವಿಯಾಗಿ ಹೋಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2023ರ ಸೆಪ್ಟೆಂಬರ್ 1ರಂದು ಇದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ಅಥವಾ ತಾಯಿಗೆ ಬರುವ ಪಾಲಿನಲ್ಲಿ ಇಂಥ ಮಕ್ಕಳಿಗೂ ಹಕ್ಕುಂಟು; ಇತರ ಬಂಧುಗಳ ಆಸ್ತಿಯಲ್ಲಿ ಇಲ್ಲ.

ತಂದೆತಾಯಿಯ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲದಿರಬಹುದು. ಆದರೆ ಆ ಕಾನೂನೇ ಕೈಬಿಟ್ಟಿರುವ ವಿಶೇಷಣವನ್ನು ಮಗುವಿಗೆ ಅಂಟಿಸುವ ಅಧಿಕಾರ ಪತ್ರಿಕೆಗಳಿಗೂ ಇಲ್ಲ, ಓದುಗರಿಗೂ ಇಲ್ಲ. ಪರವಾನಗಿರಹಿತ, ಅಸಿಂಧು, ವಿವಾಹೇತರ, ಕಾನೂನುಬಾಹಿರ ಎಂಬ ನಿಖರ ಪದಗಳು ಕನ್ನಡದಲ್ಲಿ ಈಗಾಗಲೇ ಇವೆ. ಆಯಾ ಸಂದರ್ಭಕ್ಕೆ ತಕ್ಕ ಪದವನ್ನು ಆರಿಸಿಕೊಂಡರೆ ಸಾಕು.